ಉಪ್ಪಿನ ಡಬ್ಬಿ ಬದಲಿಸುವ ಮುನ್ನ: ಅಯೋಡಿನ್ ಉಪ್ಪು ಮತ್ತು ಥೈರಾಯ್ಡ್ ಉರಿಯೂತ

ಪ್ರಶ್ನೆ: ನನಗೆ 34 ವರ್ಷ. ಶಿರಸಿ ಹತ್ತಿರದ ಹಳ್ಳಿ, ಕೂಡು ಕುಟುಂಬ, ಸಸ್ಯಾಹಾರಿಗಳು. ಆರು ತಿಂಗಳಿಂದ ಸುಸ್ತು, ಕೂದಲು ಉದುರುತ್ತಿದೆ, ತೂಕ ನಾಲ್ಕು ಕಿಲೋ ಜಾಸ್ತಿಯಾಗಿದೆ. ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ, ಅದು ಸೋಲುತ್ತಿದ್ದಂತೆ ಏರುವ ಹಾರ್ಮೋನು) 7.8, ಆಂಟಿ-ಟಿಪಿಒ (ಥೈರಾಯ್ಡ್ ವಿರುದ್ಧದ ಆಂಟಿಬಾಡಿ) 420 ಬಂದಿದೆ. ಡಾಕ್ಟರು ‘ಹಾಶಿಮೊಟೊ ಥೈರಾಯ್ಡ್ ಉರಿಯೂತ’ ಎಂದು ಬರೆದು ದಿನಕ್ಕೆ 25 ಮೈಕ್ರೋಗ್ರಾಂ ಮಾತ್ರೆ ಕೊಟ್ಟಿದ್ದಾರೆ. ಅಯೋಡಿನ್ ಉಪ್ಪಿನಿಂದಲೇ ಈ ಕಾಯಿಲೆ ಬರುತ್ತದೆ, ಅದನ್ನು ಬಿಟ್ಟರೆ ಮಾತ್ರೆ ಬೇಕಿಲ್ಲ ಎಂಬ ಸಂದೇಶ ವಾಟ್ಸಾಪಿನಲ್ಲಿ ಬಂತು. ‘ನಮ್ಮ ಕಾಲದಲ್ಲಿ ಸಾಣಿಕಟ್ಟಾದ ಹರಳುಪ್ಪು ತಿಂತಿದ್ವಿ, ಥೈರಾಯ್ಡ್ ಅನ್ನೋ ಹೆಸರೇ ಕೇಳಿರಲಿಲ್ಲ’ ಎಂದು ಅತ್ತೆಯವರೂ ಹೇಳುತ್ತಾರೆ. ಮನೆಗೆಲ್ಲ ಹರಳುಪ್ಪು ಅಥವಾ ಸೈಂಧವ ಲವಣ ತರಬೇಕು ಅಂತಿದ್ದೇವೆ. ನನ್ನ ಓರಗಿತ್ತಿಗೆ ಈಗ ಮೂರು ತಿಂಗಳು. ಅಡುಗೆ ಎಲ್ಲರಿಗೂ ಒಂದೇ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲುಗಳನ್ನು ನಾನು ಎರಡು ಸಲ ಓದಿದೆ. ಓರಗಿತ್ತಿಗೆ ಮೂರು ತಿಂಗಳು, ಅಡುಗೆ ಎಲ್ಲರಿಗೂ ಒಂದೇ. ಹಾಗಾಗಿ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯ ಉಪ್ಪನ್ನು ಬದಲಿಸಬೇಡಿ. ಈಗಾಗಲೇ ಬದಲಿಸಿದ್ದರೆ ಇವತ್ತೇ ಮತ್ತೆ ಅಯೋಡಿನ್ ಉಪ್ಪು ತಂದಿಡಿ. ನಿಮ್ಮ ಮಾತ್ರೆಯನ್ನೂ ನಿಲ್ಲಿಸಬೇಡಿ.

ಇನ್ನು ಕಾರಣವನ್ನು ನಿಧಾನವಾಗಿ ಹೇಳುತ್ತೇನೆ. ನಿಧಾನವಾಗಿ ಯಾಕೆಂದರೆ, ನಿಮಗೆ ಬಂದ ಸಂದೇಶ ಪೂರ್ತಿ ಸುಳ್ಳಲ್ಲ. ಅದರಲ್ಲಿ ನಿಜದ ಒಂದು ಎಳೆ ಇದೆ. ಅದನ್ನು ಮುಚ್ಚಿಟ್ಟು ‘ಎಲ್ಲ ಸುಳ್ಳು, ತಲೆ ಕೆಡಿಸಿಕೊಳ್ಳಬೇಡಿ’ ಅಂದರೆ ನಾಳೆ ಇನ್ನೊಂದು ಸಂದೇಶ ಬಂದಾಗ ನಿಮಗೆ ಮತ್ತೆ ಅನುಮಾನ ಬರುತ್ತದೆ.

ಮೊದಲು ‘ಉರಿಯೂತ’ ಎಂಬ ಮಾತು. ಈ ಪದ ಕೇಳಿದ ಕೂಡಲೇ ಗಂಟಲಲ್ಲಿ ಏನೋ ಉರಿಯುತ್ತಿದೆ, ಗಾಯವಾಗಿದೆ, ಅದಕ್ಕೆ ಉಪ್ಪು ತಾಗಿದರೆ ಇನ್ನೂ ಉರಿಯುತ್ತದೆ ಎಂದು ಮನಸ್ಸಿಗೆ ಬರುವುದು ಸಹಜ. ನನ್ನ ಬಳಿ ಬರುವ ಎಷ್ಟೋ ಜನ ಹಾಗೇ ಅಂದುಕೊಂಡಿರುತ್ತಾರೆ. ಆದರೆ ಹಾಶಿಮೊಟೊದಲ್ಲಿ ಉರಿ ಇಲ್ಲ, ಸಾಮಾನ್ಯವಾಗಿ ನೋವೂ ಇಲ್ಲ. ನಮ್ಮ ದೇಹವನ್ನು ಕಾಯಬೇಕಾದ ಬಿಳಿ ರಕ್ತಕಣಗಳು ಥೈರಾಯ್ಡ್ ಗ್ರಂಥಿಯನ್ನೇ ಹೊರಗಿನದೆಂದು ತಿಳಿದು ಅದರೊಳಗೆ ಸೇರಿಕೊಳ್ಳುತ್ತವೆ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಗ್ರಂಥಿಯನ್ನು ಸವೆಸುತ್ತವೆ. ಗ್ರಂಥಿಯಲ್ಲಿ ನೋವಿದ್ದು ಜ್ವರವೂ ಬಂದರೆ ಅದು ಬೇರೆಯೇ ಕಾಯಿಲೆ. ಹೆಚ್ಚಾಗಿ ವೈರಸ್ ಸೋಂಕಿನ ನಂತರ ಬರುತ್ತದೆ, ಕೆಲವು ವಾರ ಅಥವಾ ತಿಂಗಳುಗಳಲ್ಲಿ ತಾನಾಗಿ ಇಳಿಯುತ್ತದೆ. ಹೆರಿಗೆಯ ನಂತರದ ಒಂದು ವರ್ಷದಲ್ಲಿ ಬರುವ ಉರಿಯೂತ ಇನ್ನೊಂದು ಬಗೆ. ನಿಮ್ಮದು ಇವೆರಡೂ ಅಲ್ಲ.

ಈ ಕಾಯಿಲೆಯನ್ನು ಮೊದಲು ಗುರುತಿಸಿದವರು ಜಪಾನಿನ ಶಸ್ತ್ರವೈದ್ಯ ಹಾಕರು ಹಾಶಿಮೊಟೊ. 1912ರಲ್ಲಿ ನಾಲ್ಕು ಮಹಿಳೆಯರ ಥೈರಾಯ್ಡ್ ಗ್ರಂಥಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅವುಗಳ ತುಂಬ ಬಿಳಿ ರಕ್ತಕಣಗಳು ಸೇರಿಕೊಂಡಿದ್ದನ್ನು ವಿವರಿಸಿದರು. ಗಮನಿಸಿ, ಉಪ್ಪಿಗೆ ಅಯೋಡಿನ್ ಬೆರೆಸುವ ಸರ್ಕಾರಿ ಕಾರ್ಯಕ್ರಮಗಳು ಸ್ವಿಟ್ಜರ್ಲೆಂಡಿನಲ್ಲಿ 1922ರಲ್ಲಿ, ಅಮೆರಿಕದ ಮಿಷಿಗನ್‌ನಲ್ಲಿ 1924ರಲ್ಲಿ ಶುರುವಾದವು. ಅಂದರೆ ಅಯೋಡಿನ್ ಉಪ್ಪಿಗಿಂತ ಮೊದಲೇ ಈ ಕಾಯಿಲೆ ಇತ್ತು. ದೇಹ ತನ್ನ ಗ್ರಂಥಿಯ ಮೇಲೆ ತಾನೇ ಬೀಳುತ್ತದೆ ಎಂಬುದು ಗೊತ್ತಾಗಿದ್ದು 1956ರಲ್ಲಿ. ಆ ವರ್ಷ ಲಂಡನ್ನಿನ ಸಂಶೋಧಕರು ಇಂಥ ರೋಗಿಗಳ ರಕ್ತದಲ್ಲಿ ಥೈರಾಯ್ಡ್ ವಿರುದ್ಧದ ಆಂಟಿಬಾಡಿಗಳನ್ನು ಕಂಡುಹಿಡಿದರು. ನಿಮ್ಮ ವರದಿಯ ‘ಆಂಟಿ-ಟಿಪಿಒ’ ಅದೇ ಜಾತಿಯದು.

ಈಗ ನಿಜದ ಆ ಎಳೆ. ಥೈರಾಯ್ಡ್ ಹಾರ್ಮೋನು ತಯಾರಾಗುವುದೇ ಅಯೋಡಿನ್‌ನಿಂದ. ಈ ಹಾರ್ಮೋನಿನ ಎರಡು ರೂಪಗಳು ಟಿ4 ಮತ್ತು ಟಿ3. ಟಿ4 ಎಂದರೆ ಅದರಲ್ಲಿ ನಾಲ್ಕು ಅಯೋಡಿನ್ ಪರಮಾಣುಗಳಿವೆ ಎಂದರ್ಥ, ಟಿ3ರಲ್ಲಿ ಮೂರು. ಗ್ರಂಥಿಯೊಳಗೆ ಥೈರೊಗ್ಲಾಬ್ಯುಲಿನ್ ಎಂಬ ದೊಡ್ಡ ಪ್ರೋಟೀನ್ ಇದೆ. ಅಯೋಡಿನ್ ಅದಕ್ಕೆ ಅಂಟಿಕೊಂಡು ಹಾರ್ಮೋನು ಆಗುತ್ತದೆ. ಈ ಪ್ರೋಟೀನಿಗೆ ಅಯೋಡಿನ್ ಜಾಸ್ತಿ ಅಂಟಿದಷ್ಟೂ ಅದರ ರೂಪ ಸ್ವಲ್ಪ ಬದಲಾಗುತ್ತದೆ. ಕಾಯಿಲೆ ಬರುವ ಗುಣ ಹುಟ್ಟಿನಿಂದಲೇ ಇರುವವರಲ್ಲಿ ರೋಗನಿರೋಧಕ ವ್ಯವಸ್ಥೆ ಅದನ್ನು ಹೊರಗಿನದೆಂದು ಸುಲಭವಾಗಿ ತಪ್ಪು ತಿಳಿಯುತ್ತದೆ. ಪ್ರಯೋಗಾಲಯದಲ್ಲಿ ಇದನ್ನು ನೋಡಿದ್ದಾರೆ. ಥೈರಾಯ್ಡ್ ಉರಿಯೂತದ ಗುಣವಿರುವ ಒಂದು ತಳಿಯ ಇಲಿಗಳಿಗೆ ಕುಡಿಯುವ ನೀರಿನಲ್ಲಿ ಅಯೋಡಿನ್ ಹಾಕಿದರೆ ಕಾಯಿಲೆ ಬೇಗ ಬರುತ್ತದೆ, ಹೆಚ್ಚು ಇಲಿಗಳಿಗೆ ಬರುತ್ತದೆ.

ಮನುಷ್ಯರಲ್ಲಿ? ಇಲ್ಲಿ ನನಗೆ ಅತ್ಯಂತ ಉಪಯುಕ್ತ ಅನ್ನಿಸುವುದು ಡೆನ್ಮಾರ್ಕಿನ ಅನುಭವ. ಆ ದೇಶದಲ್ಲಿ ಅಯೋಡಿನ್ ಕೊರತೆ ಇತ್ತು. 1998ರಲ್ಲಿ ಬೇಕಾದವರು ಉಪ್ಪಿಗೆ ಬೆರೆಸಬಹುದು ಎಂದರು. 2000ದಲ್ಲಿ ಮನೆಯ ಉಪ್ಪಿಗೂ ಬ್ರೆಡ್ಡಿಗೆ ಹಾಕುವ ಉಪ್ಪಿಗೂ ಕಡ್ಡಾಯ ಮಾಡಿದರು. ಅವರ ಜಾಣತನ ಏನೆಂದರೆ, ಬೆರೆಸುವ ಮೊದಲೇ ಜನರ ಥೈರಾಯ್ಡ್ ಸ್ಥಿತಿಯನ್ನು ಅಳೆದು ಇಟ್ಟುಕೊಂಡರು, ಆಮೇಲೂ ವರ್ಷಗಟ್ಟಲೆ ಅಳೆಯುತ್ತಾ ಹೋದರು. ಅಳೆದ ಎರಡು ಭಾಗಗಳನ್ನು ಸೇರಿಸಿ ನೋಡಿದರೆ ಥೈರಾಯ್ಡ್ ಕಡಿಮೆಯಾಗುವ ಹೊಸ ಪ್ರಕರಣಗಳು ಲಕ್ಷ ಜನರಿಗೆ ವರ್ಷಕ್ಕೆ ಸುಮಾರು 38 ಇದ್ದದ್ದು 47ಕ್ಕೆ ಏರಿತು. ಏರಿಕೆ ಕಂಡದ್ದು ಕೊರತೆ ಹೆಚ್ಚಿದ್ದ ಆಲ್ಬೋರ್ಗ್ ಭಾಗದಲ್ಲಿ. ಟಿಪಿಒ ಆಂಟಿಬಾಡಿ ಇದ್ದವರ ಪ್ರಮಾಣ ನೂರಕ್ಕೆ ಸುಮಾರು 14ರಿಂದ 24ಕ್ಕೆ ಹೋಯಿತು. ಅಂದರೆ, ಹೌದು, ಉಪ್ಪಿಗೆ ಅಯೋಡಿನ್ ಬಂದ ಮೇಲೆ ಆಂಟಿಬಾಡಿ ಇರುವವರು ಜಾಸ್ತಿಯಾದರು.

ಆದರೆ ಲೆಕ್ಕವನ್ನು ಅಲ್ಲಿಗೇ ನಿಲ್ಲಿಸಬಾರದು. ಲಕ್ಷಕ್ಕೆ ಒಂಬತ್ತು ಜನ ಹೆಚ್ಚು. ಇನ್ನೊಂದು ಕಡೆ ಜನರ ಗ್ರಂಥಿಯ ಊತ ಕಡಿಮೆಯಾಯಿತು. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಕಾಯಿಲೆ ಮೊದಲು ಸ್ವಲ್ಪ ಏರಿ, ಆಮೇಲೆ ಮೊದಲಿಗಿಂತ ಕೆಳಗೆ ಇಳಿಯಿತು. ಇದನ್ನೆಲ್ಲ ಕಣ್ಣಾರೆ ಕಂಡ ಅದೇ ಡೆನ್ಮಾರ್ಕ್ 2019ರಲ್ಲಿ ಏನು ಮಾಡಿತು ಗೊತ್ತಾ? ಉಪ್ಪಿನಲ್ಲಿನ ಅಯೋಡಿನ್ ಅನ್ನು ಕಿಲೋಗೆ 13 ಮಿಲಿಗ್ರಾಮಿನಿಂದ 20ಕ್ಕೆ ಏರಿಸಿತು. ಗರ್ಭಿಣಿಯರಿಗೂ ಬಾಣಂತಿಯರಿಗೂ ಇನ್ನೂ ಸಾಕಾಗುತ್ತಿಲ್ಲ ಎಂಬುದು ಅವರ ಚಿಂತೆಯಾಗಿತ್ತು.

ಚೀನಾದ ಅಧ್ಯಯನವೂ ಹೀಗೇ. 2006ರಲ್ಲಿ ಪ್ರಕಟವಾದ ಅದರಲ್ಲಿ ಮೂರು ಊರುಗಳ ಜನರನ್ನು ಐದು ವರ್ಷ ನೋಡಿದರು. ಪಾನ್‌ಶಾನ್‌ನಲ್ಲಿ ಅಯೋಡಿನ್ ಸ್ವಲ್ಪ ಕಡಿಮೆ, ಜಾಂಗ್‌ವುನಲ್ಲಿ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ, ಹುವಾಂಗ್‌ಹುವಾದಲ್ಲಿ ವಿಪರೀತ. ಜನರ ಮೂತ್ರದಲ್ಲಿ ಲೀಟರಿಗೆ ಕ್ರಮವಾಗಿ 84, 243 ಮತ್ತು 651 ಮೈಕ್ರೋಗ್ರಾಂ ಅಯೋಡಿನ್ ಸಿಗುತ್ತಿತ್ತು. ಐದು ವರ್ಷದಲ್ಲಿ ಹೊಸದಾಗಿ ಥೈರಾಯ್ಡ್ ಉರಿಯೂತ ಬಂದವರು ನೂರಕ್ಕೆ 0.2, 1.0 ಮತ್ತು 1.3. ಅಯೋಡಿನ್ ಏರಿದಂತೆ ಕಾಯಿಲೆಯೂ ಏರಿತು, ನಿಜ. ಆದರೆ ಅತಿ ಹೆಚ್ಚು ಅಯೋಡಿನ್ ಇದ್ದ ಊರಿನಲ್ಲೂ ನೂರರಲ್ಲಿ 98 ಜನಕ್ಕೂ ಹೆಚ್ಚು ಮಂದಿಗೆ ಅದು ಬರಲಿಲ್ಲ. ಬಂದವರಲ್ಲಿ ಬರುವ ಗುಣ ಮೊದಲೇ ಇರುತ್ತದೆ. ಎಷ್ಟೋ ಸಲ ತಾಯಿ, ಅಕ್ಕ, ಚಿಕ್ಕಮ್ಮ ಯಾರಿಗಾದರೂ ಈ ಕಾಯಿಲೆ ಇರುತ್ತದೆ. ಹೆಣ್ಣಾಗಿರುವುದೇ ಒಂದು ದೊಡ್ಡ ಕಾರಣ, ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚು.

ಹಾಗಾದರೆ ನಿಮ್ಮ ಮನೆಯ ಅಯೋಡಿನ್ ಯಾವ ಲೆಕ್ಕಕ್ಕೆ ಸೇರುತ್ತದೆ? ಇದನ್ನು ಕೂತು ಲೆಕ್ಕ ಹಾಕೋಣ. ಕಾಗದದ ಮೇಲೆ ಬರೆದು ನೋಡಿದರೆ ಭಯ ಎಷ್ಟೋ ಕಡಿಮೆಯಾಗುತ್ತದೆ.

ನಮ್ಮ ದೇಶದ ನಿಯಮದ ಪ್ರಕಾರ ಉಪ್ಪು ತಯಾರಾಗುವ ಕಡೆ ಒಂದು ಗ್ರಾಂ ಉಪ್ಪಿನಲ್ಲಿ ಕನಿಷ್ಠ 30 ಮೈಕ್ರೋಗ್ರಾಂ, ನಿಮ್ಮ ಕೈಗೆ ಬರುವಾಗ ಕನಿಷ್ಠ 15 ಮೈಕ್ರೋಗ್ರಾಂ ಅಯೋಡಿನ್ ಇರಬೇಕು. ನೀವು ದಿನಕ್ಕೆ 8 ಗ್ರಾಂ ಉಪ್ಪು ತಿನ್ನುತ್ತೀರಿ ಅಂದುಕೊಳ್ಳಿ. ಗ್ರಾಮಿಗೆ 20 ಮೈಕ್ರೋಗ್ರಾಂ ಎಂದು ಹಿಡಿದರೆ 160 ಆಯಿತು. ಸಾರು, ಪಲ್ಯ ಕುದಿಯುವಾಗ ಐದರಲ್ಲಿ ಒಂದು ಭಾಗ ಹೋದರೆ ಉಳಿಯುವುದು ಸುಮಾರು 130. ನೀವು ಮೀನು, ಮೊಟ್ಟೆ ತಿನ್ನುವುದಿಲ್ಲ. ಹಾಲು ಮೊಸರಿನಿಂದ ಇನ್ನಷ್ಟು ಸಿಗಬಹುದು. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150. ಅಂದರೆ ನಿಮಗೆ ಸಿಗುತ್ತಿರುವುದು ಹೆಚ್ಚುಕಮ್ಮಿ ಬೇಕಾದಷ್ಟೇ. ದಿನವೂ ಇದನ್ನು ಮೀರಬಾರದು ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಹೇಳುವ ಮಿತಿ 600, ಅಮೆರಿಕದವರು ಹೇಳುವುದು 1,100. ಮನೆಯ ಉಪ್ಪಿನಿಂದ 600 ಮುಟ್ಟಬೇಕಾದರೆ ನೀವು ದಿನಕ್ಕೆ 30 ಗ್ರಾಂ ಉಪ್ಪು ತಿನ್ನಬೇಕು. ಅಷ್ಟು ತಿಂದರೆ ಥೈರಾಯ್ಡಿಗಿಂತ ಮೊದಲು ರಕ್ತದೊತ್ತಡ ಕೆಡುತ್ತದೆ. ಉಪ್ಪನ್ನು ದಿನಕ್ಕೆ 5 ಗ್ರಾಮಿಗೆ ಇಳಿಸಿ ಎಂಬ ಸಲಹೆ ನಿಮಗೂ ಅನ್ವಯಿಸುತ್ತದೆ. ಕಡಿಮೆ ತಿನ್ನಿ, ತಿನ್ನುವುದು ಅಯೋಡಿನ್ ಇರುವ ಉಪ್ಪಾಗಿರಲಿ.

ಇನ್ನೊಂದು ವಿಷಯ. ನೀವು ನುಂಗುವ ಲೆವೊಥೈರಾಕ್ಸಿನ್ ಮಾತ್ರೆಯಲ್ಲೂ ಅಯೋಡಿನ್ ಇದೆ. ಅದರ ತೂಕದ ಮೂರರಲ್ಲಿ ಎರಡು ಭಾಗ ಅಯೋಡಿನ್ನೇ. ನಿಮ್ಮ 25 ಮೈಕ್ರೋಗ್ರಾಮಿನಲ್ಲಿ ಸುಮಾರು 16. ಅಷ್ಟಕ್ಕೆ ಯಾರೂ ಹೆದರಬೇಕಾಗಿಲ್ಲ.

ಅತ್ತೆಯವರ ಮಾತಿಗೆ ಬರುತ್ತೇನೆ. ಅವರು ಸುಳ್ಳು ಹೇಳುತ್ತಿಲ್ಲ. ಅವರು ಕಂಡದ್ದನ್ನು ಹೇಳುತ್ತಿದ್ದಾರೆ. ಆದರೆ ಆ ಕಾಲದಲ್ಲಿ ಥೈರಾಯ್ಡ್ ಹೆಸರು ಕೇಳಿರಲಿಲ್ಲ ಎಂದರೆ ಕಾಯಿಲೆ ಇರಲಿಲ್ಲ ಎಂದಲ್ಲ. ಟಿಎಸ್‌ಎಚ್ ಪರೀಕ್ಷೆ ತಾಲ್ಲೂಕು ಊರುಗಳಿಗೆ ಬಂದದ್ದೇ ಇತ್ತೀಚೆಗೆ. ಸುಸ್ತಾಗಿ ಮಧ್ಯಾಹ್ನ ಮಲಗುವ ಸೊಸೆಯನ್ನು ಸೋಮಾರಿ ಅನ್ನುತ್ತಿದ್ದರು. ಮುಟ್ಟು ಏರುಪೇರಾದರೆ, ಬಸಿರು ನಿಲ್ಲದಿದ್ದರೆ ಅದಕ್ಕೆ ಬೇರೆ ಬೇರೆ ಕಾರಣ ಹೇಳುತ್ತಿದ್ದರು. ಎಷ್ಟು ಹೆಂಗಸರು ಒಂದು ಸಣ್ಣ ಮಾತ್ರೆಯಿಂದ ಸರಿಹೋಗಬಹುದಾಗಿದ್ದ ಕಷ್ಟವನ್ನು ಜೀವನಪೂರ್ತಿ ಹೊತ್ತುಕೊಂಡು ಹೋದರೋ ಎಂದು ನನಗೆ ಆಗಾಗ ಅನ್ನಿಸುತ್ತದೆ.

ಮತ್ತೆ ಗಳಗಂಡವನ್ನು ಅತ್ತೆಯವರು ನೋಡಿರಲೇಬೇಕು. ಕೇಳಿ ನೋಡಿ. ಕುತ್ತಿಗೆಯಲ್ಲಿ ಗಡ್ಡೆ ಇದ್ದ ಅಜ್ಜಿಯರು ಮಲೆನಾಡಿನ ಊರುಗಳಲ್ಲಿ ಅಪರೂಪವಾಗಿರಲಿಲ್ಲ. ಅಯೋಡಿನ್ ಕೊರತೆ ಎಂದರೆ ಹಿಮಾಲಯದ ಕಾಯಿಲೆ ಎಂದುಕೊಳ್ಳುತ್ತಿದ್ದ ಕಾಲದಲ್ಲಿ ನಮ್ಮ ಚಿಕ್ಕಮಗಳೂರು, ಕೊಡಗಿನಂಥ ಜಿಲ್ಲೆಗಳಲ್ಲೂ ಗಳಗಂಡ ಕಂಡುಬಂತು. ಜೋರು ಮಳೆ ಬೀಳುವ ಗುಡ್ಡದ ಸೀಮೆಯಲ್ಲಿ ಮಣ್ಣಿನ ಅಯೋಡಿನ್ ನೂರಾರು ವರ್ಷ ತೊಳೆದು ಹೋಗಿರುತ್ತದೆ. ಅಲ್ಲಿ ಬೆಳೆದ ಭತ್ತದಲ್ಲಿ, ತರಕಾರಿಯಲ್ಲಿ, ಅಲ್ಲಿ ಮೇದ ದನದ ಹಾಲಿನಲ್ಲೂ ಅದು ಕಡಿಮೆ. ನಿಮ್ಮೂರೂ ಅಂಥದ್ದೇ ಸೀಮೆ. ಅದಕ್ಕೆ ಮೀನಿಲ್ಲದ ಊಟವೂ ಸೇರಿದರೆ ಅಯೋಡಿನ್‌ಗೆ ನಿಮ್ಮ ಮನೆಯ ಮುಖ್ಯ ದಾರಿ ಉಪ್ಪಿನ ಡಬ್ಬಿಯೇ.

‘ಸಮುದ್ರದ ಉಪ್ಪಿನಲ್ಲಿ ಅಯೋಡಿನ್ ತಾನಾಗೇ ಇರುತ್ತಲ್ವಾ?’ ಎಂದು ಬಹಳ ಜನ ಕೇಳುತ್ತಾರೆ. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಗದ್ದೆಗಳನ್ನು ನೀವು ನೋಡಿರುತ್ತೀರಿ. ಹಿನ್ನೀರನ್ನು ಕಟ್ಟೆಗಳಲ್ಲಿ ನಿಲ್ಲಿಸಿ, ಬಿಸಿಲಿಗೆ ಒಣಗಿಸಿ, ಹರಳು ಕಟ್ಟಿದ ಮೇಲೆ ಎಳೆದು ರಾಶಿ ಹಾಕುತ್ತಾರೆ. ಒಳ್ಳೆಯ ರುಚಿಯ ಉಪ್ಪು ಅದು, ಅದರ ಹಿಂದಿನ ದುಡಿಮೆಯ ಬಗ್ಗೆ ನನಗೆ ಗೌರವವಿದೆ. ಆದರೆ ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇದ್ದರೆ ಅಯೋಡಿನ್ ಇರುವುದು 50ರಿಂದ 60 ಮೈಕ್ರೋಗ್ರಾಂ ಅಷ್ಟೇ. ಒಂದಿಷ್ಟೂ ನಷ್ಟವಾಗದೆ ಎಲ್ಲವೂ ಉಪ್ಪಿನಲ್ಲೇ ಉಳಿಯಿತು ಅಂದುಕೊಂಡರೂ 10 ಗ್ರಾಂ ಉಪ್ಪಿನಲ್ಲಿ 20 ಮೈಕ್ರೋಗ್ರಾಂ ಆಗುವುದಿಲ್ಲ. ನಿಜದಲ್ಲಿ ಅಷ್ಟೂ ಉಳಿಯುವುದಿಲ್ಲ. ಸೈಂಧವ ಲವಣ, ಗುಲಾಬಿ ಬಣ್ಣದ ಹಿಮಾಲಯದ ಉಪ್ಪು, ಕಪ್ಪುಪ್ಪು, ಇವೆಲ್ಲದರ ಕಥೆಯೂ ಇದೇ. ಬೆರೆಸಿದರೆ ಮಾತ್ರ ಅಯೋಡಿನ್.

ಬೆರೆಸುವುದರಿಂದ ಏನಾಗುತ್ತದೆ ಎಂದು ತೋರಿಸಿದ್ದು ನಮ್ಮದೇ ದೇಶ. ಲಂಡನ್ನಿನಲ್ಲಿ ಆಂಟಿಬಾಡಿ ಕಂಡ 1956ರಲ್ಲೇ ಹಿಮಾಲಯದ ಕಾಂಗ್ಡಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಹೋದ್ಯೋಗಿಗಳು ಒಂದು ಪ್ರಯೋಗ ಶುರು ಮಾಡಿದರು. ಸುಮಾರು ಒಂದು ಲಕ್ಷ ಜನರಿದ್ದ ಪ್ರದೇಶವನ್ನು ಮೂರು ಭಾಗ ಮಾಡಿದರು. ಎರಡು ಭಾಗಕ್ಕೆ ಅಯೋಡಿನ್ ಬೆರೆಸಿದ ಉಪ್ಪು, ನಡುವಿನ ಒಂದಕ್ಕೆ ಬರೀ ಉಪ್ಪು. ಕೆಲವೇ ವರ್ಷಗಳಲ್ಲಿ ಅಯೋಡಿನ್ ಸಿಕ್ಕ ಎರಡೂ ಕಡೆ ಮಕ್ಕಳ ಗಳಗಂಡ ಗಣನೀಯವಾಗಿ ಇಳಿಯಿತು. ಬರೀ ಉಪ್ಪು ಸಿಕ್ಕ ಭಾಗದಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಆಮೇಲೆ ಅಲ್ಲಿಗೂ ಅಯೋಡಿನ್ ಉಪ್ಪು ಕೊಟ್ಟರು. ಅಲ್ಲೂ ಇಳಿಯಿತು. ಈ ಫಲಿತಾಂಶದ ಬಲದ ಮೇಲೆಯೇ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. 1992ರಲ್ಲಿ ಅದರ ಹೆಸರನ್ನೇ ಬದಲಿಸಿ ಅಯೋಡಿನ್ ಕೊರತೆಯ ಕಾಯಿಲೆಗಳ ನಿಯಂತ್ರಣ ಕಾರ್ಯಕ್ರಮ ಎಂದು ಮಾಡಿದರು. ಗಡ್ಡೆಗಿಂತ ದೊಡ್ಡ ಹಾನಿ ಮಕ್ಕಳ ಮಿದುಳಿಗೆ ಆಗುತ್ತದೆ ಎಂಬುದು ಅಷ್ಟರಲ್ಲಿ ಸ್ಪಷ್ಟವಾಗಿತ್ತು. ಊಟಕ್ಕೆ ಅಯೋಡಿನ್ ಇಲ್ಲದ ಉಪ್ಪು ಮಾರುವುದನ್ನು ದೇಶದಾದ್ಯಂತ ನಿಷೇಧಿಸಿದ್ದು 2006ರಿಂದ ಜಾರಿಯಲ್ಲಿದೆ.

ನಿಮ್ಮ ಓರಗಿತ್ತಿಯ ವಿಷಯ ಇಲ್ಲಿಗೇ ಸೇರುತ್ತದೆ. ಹೊಟ್ಟೆಯಲ್ಲಿರುವ ಮಗುವಿನ ಥೈರಾಯ್ಡ್ ಸುಮಾರು 12ನೇ ವಾರದ ಹೊತ್ತಿಗೆ ಕೆಲಸ ಕಲಿಯಲು ಶುರು ಮಾಡುತ್ತದೆ. ಸಾಕಷ್ಟು ಹಾರ್ಮೋನು ತಾನೇ ಮಾಡಿಕೊಳ್ಳಲು ಇನ್ನೂ ಎರಡು ತಿಂಗಳು ಬೇಕು. ಅಲ್ಲಿಯವರೆಗೆ ಮಿದುಳು ಬೆಳೆಯುವುದು ತಾಯಿಯ ಹಾರ್ಮೋನಿನಿಂದ. ಆಮೇಲೂ ಅಯೋಡಿನ್ ಬರಬೇಕಾದದ್ದು ತಾಯಿಯಿಂದಲೇ. ತಾಯಿಯ ಗ್ರಂಥಿ ಆಗ ಮಾಮೂಲಿಗಿಂತ ಸುಮಾರು ಒಂದೂವರೆ ಪಟ್ಟು ಹಾರ್ಮೋನು ಮಾಡಬೇಕಾಗುತ್ತದೆ. ಮೂತ್ರದಲ್ಲೂ ಅಯೋಡಿನ್ ಜಾಸ್ತಿ ಹೋಗುತ್ತದೆ. ಅದಕ್ಕೇ ಗರ್ಭಿಣಿಗೂ ಬಾಣಂತಿಗೂ ದಿನಕ್ಕೆ 250 ಮೈಕ್ರೋಗ್ರಾಂ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮ ಅಡುಗೆಮನೆಯ ಲೆಕ್ಕ ನೆನಪಿದೆಯಲ್ಲ? ಅಯೋಡಿನ್ ಉಪ್ಪು ಹಾಕಿದರೂ 130. ಅವರಿಗೆ ಈಗಲೇ ಕಡಿಮೆ ಬೀಳುತ್ತಿರಬಹುದು. ಆ ಉಪ್ಪನ್ನೂ ತೆಗೆದರೆ ಉಳಿಯುವುದು ಹಾಲಿನಲ್ಲಿರುವಷ್ಟೇ. ನಿಮಗೆ ಕೊರತೆಯಾದರೆ ಮಾತ್ರೆ ಹೆಚ್ಚಿಸಬಹುದು. ಈ ತಿಂಗಳುಗಳಲ್ಲಿ ಮಗುವಿನ ಮಿದುಳಿಗೆ ಆದ ಕೊರತೆಯನ್ನು ಆಮೇಲೆ ತುಂಬಿಕೊಡಲು ಯಾವ ಔಷಧವೂ ಇಲ್ಲ. ನನಗೆ ನಿಮ್ಮ ಪತ್ರ ಓದಿ ಆತಂಕವಾದದ್ದು ಇದಕ್ಕೇ. ಅವರ ಪ್ರಸೂತಿ ವೈದ್ಯರಿಗೆ ಮನೆಯ ಊಟ ಸಸ್ಯಾಹಾರ ಎಂದು ತಿಳಿಸಲಿ. ಗರ್ಭಿಣಿಯರ ವಿಟಮಿನ್ ಮಾತ್ರೆಯಲ್ಲಿ ಅಯೋಡಿನ್ ಇದೆಯೇ ಎಂದು ಕೇಳಲಿ. ಎಲ್ಲ ಮಾತ್ರೆಗಳಲ್ಲೂ ಇರುವುದಿಲ್ಲ. ಅವರ ಟಿಎಸ್‌ಎಚ್ ಪರೀಕ್ಷೆ ಆಗಿಲ್ಲದಿದ್ದರೆ ಈ ವಾರವೇ ಆಗಲಿ.

‘ಮನೆಗೆ ಅಯೋಡಿನ್ ಉಪ್ಪು ಇರಲಿ, ನಾನೊಬ್ಬಳು ಬಿಟ್ಟರೆ ನನಗೆ ಲಾಭ ಇದೆಯಾ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದಕ್ಕೆ ಕೊರಿಯಾದಲ್ಲಿ ಉತ್ತರ ಹುಡುಕಿದ್ದಾರೆ. ಥೈರಾಯ್ಡ್ ಕಡಿಮೆಯಾಗಿದ್ದ 45 ಹಾಶಿಮೊಟೊ ರೋಗಿಗಳಲ್ಲಿ ಅರ್ಧದಷ್ಟು ಜನಕ್ಕೆ ಮೂರು ತಿಂಗಳು ಅಯೋಡಿನ್ ಕಡಿಮೆ ಇರುವ ಊಟ ಕೊಟ್ಟರು. ಅವರಲ್ಲಿ ನೂರಕ್ಕೆ 78 ಜನರ ಥೈರಾಯ್ಡ್ ಸರಿಯಾಯಿತು. ನಿಮಗೆ ಬಂದ ಸಂದೇಶಕ್ಕೆ ಮೂಲ ಇಂಥ ಅಧ್ಯಯನಗಳೇ ಇರಬಹುದು. ಆದರೆ ಊಟ ಬದಲಿಸದೆ ಇದ್ದ ಇನ್ನರ್ಧ ಜನರಲ್ಲೂ ನೂರಕ್ಕೆ 45 ಜನರದು ತಾನಾಗೇ ಸರಿಯಾಯಿತು. ಮುಖ್ಯವಾಗಿ, ಕೊರಿಯಾದವರು ಕಡಲಕಳೆ ತಿನ್ನುವ ಜನ. ಸಾರಿಗೂ ಕಡಲಕಳೆ, ಅನ್ನಕ್ಕೂ ಕಡಲಕಳೆ. ಅವರಲ್ಲಿ ಅತಿಯಾಗಿದ್ದದ್ದನ್ನು ಇಳಿಸಿದರು. ನಿಮ್ಮಲ್ಲಿ ಇಳಿಸಲು ಅತಿಯಾದದ್ದು ಏನೂ ಇಲ್ಲ. ಮುಂದೆ ನೀವೂ ಬಸಿರಾಗುವ ಯೋಚನೆ ಇದ್ದರಂತೂ ಬಿಡುವ ಮಾತೇ ಬೇಡ.

ಅಯೋಡಿನ್ ಉಪ್ಪನ್ನು ನಾವೇ ಬಿಡಿಸುವ ಒಂದು ಸಂದರ್ಭ ಇದೆ. ಥೈರಾಯ್ಡ್ ಕ್ಯಾನ್ಸರಿಗೆ ವಿಕಿರಣ ಅಯೋಡಿನ್ ಕೊಡುವ ಮೊದಲು ಒಂದೆರಡು ವಾರ ಅಯೋಡಿನ್ ಇಲ್ಲದ ಉಪ್ಪು ತಿನ್ನಲು ಹೇಳುತ್ತೇವೆ, ಔಷಧವನ್ನು ಗ್ರಂಥಿ ಚೆನ್ನಾಗಿ ಹೀರಿಕೊಳ್ಳಲಿ ಎಂದು. ಆಸ್ಪತ್ರೆಯಿಂದ ಬಂದ ಆ ಚೀಟಿಯನ್ನು ನೋಡಿದವರು ‘ಥೈರಾಯ್ಡಿಗೆ ಈ ಉಪ್ಪು ಆಗಲ್ಲ’ ಎಂದು ಹಬ್ಬಿಸಿದ್ದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಅದು ನಿಮಗೆ ಸಂಬಂಧಿಸಿದ್ದಲ್ಲ.

ನೀವು ನಿಜವಾಗಿ ದೂರ ಇಡಬೇಕಾದ ಅಯೋಡಿನ್ ಬೇರೆ ಕಡೆ ಇದೆ. ಆರೋಗ್ಯವಂತರ ಗ್ರಂಥಿಗೆ ಒಮ್ಮೆಲೇ ತುಂಬಾ ಅಯೋಡಿನ್ ಬಂದರೆ ಅದು ಕೆಲವು ದಿನ ಹಾರ್ಮೋನು ಮಾಡುವುದನ್ನು ನಿಲ್ಲಿಸಿ, ಆಮೇಲೆ ತಾನೇ ಸರಿಯಾಗುತ್ತದೆ. ಇದನ್ನು ವುಲ್ಫ್ ಮತ್ತು ಚೈಕಾಫ್ ಎಂಬ ವಿಜ್ಞಾನಿಗಳು 1948ರಲ್ಲಿ ತೋರಿಸಿದರು. ಹಾಶಿಮೊಟೊ ಇರುವ ಗ್ರಂಥಿಗೆ ಹೀಗೆ ಸರಿಯಾಗುವ ಶಕ್ತಿ ಕಡಿಮೆ. ನಿಂತದ್ದು ನಿಂತೇ ಬಿಡಬಹುದು. ಆದ್ದರಿಂದ ‘ಥೈರಾಯ್ಡ್ ಸಪೋರ್ಟ್’ ಎಂದು ಆನ್‌ಲೈನಿನಲ್ಲಿ ಮಾರುವ ಕೆಲ್ಪ್ ಎಂಬ ಕಡಲಕಳೆಯ ಮಾತ್ರೆ, ಕಡಲಕಳೆಯ ಪುಡಿ ಬೇಡವೇ ಬೇಡ. ಲ್ಯೂಗಾಲ್ಸ್ ಅಯೋಡಿನ್ ಎಂಬ ದ್ರಾವಣವನ್ನು ಹನಿ ಲೆಕ್ಕದಲ್ಲಿ ಕುಡಿಯಿರಿ ಎಂದು ಹೇಳುವವರೂ ಇದ್ದಾರೆ. ಅದರ 5 ಪರ್ಸೆಂಟ್ ದ್ರಾವಣದ ಒಂದೇ ಹನಿಯಲ್ಲಿ ಸುಮಾರು 6,000 ಮೈಕ್ರೋಗ್ರಾಂ ಇದೆ, ನಿಮ್ಮ 40 ದಿನದ ಅಯೋಡಿನ್! ಉಪ್ಪಿನಲ್ಲಿರುವ 15 ಮೈಕ್ರೋಗ್ರಾಮಿಗೆ ಹೆದರಿ ಇದನ್ನು ಕುಡಿಯುವವರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಮನೆಯಲ್ಲಿ ಯಾರಾದರೂ ಹೃದಯದ ಬಡಿತಕ್ಕೆ ಅಮಿಯೊಡರೋನ್ ತೆಗೆದುಕೊಳ್ಳುತ್ತಿದ್ದರೆ ಅವರ ಥೈರಾಯ್ಡನ್ನು ಆಗಾಗ ಪರೀಕ್ಷಿಸಬೇಕು. ಅದರ 200 ಮಿಲಿಗ್ರಾಂ ಮಾತ್ರೆಯಲ್ಲಿ 75 ಮಿಲಿಗ್ರಾಂ ಅಯೋಡಿನ್ ಇರುತ್ತದೆ. ಆದರೆ ಅದು ಜೀವ ಉಳಿಸುವ ಮಾತ್ರೆ, ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಸಿ.ಟಿ. ಸ್ಕ್ಯಾನಿಗೆ ಬಣ್ಣದ ಇಂಜೆಕ್ಷನ್ ಕೊಡುವಾಗ ನಿಮಗೆ ಹಾಶಿಮೊಟೊ ಇದೆ ಎಂದು ಹೇಳಿದರೆ ಸಾಕು.

ಇನ್ನು ನಿಮ್ಮ ಚಿಕಿತ್ಸೆ. ಟಿಎಸ್‌ಎಚ್ 7.8 ಎಂದರೆ ಗ್ರಂಥಿ ಸೋಲುತ್ತಿದೆ, ಇನ್ನೂ ಸೋತಿಲ್ಲ. ಫ್ರೀ ಟಿ4 (ರಕ್ತದಲ್ಲಿ ಬಿಡಿಯಾಗಿರುವ ಟಿ4) ಎಷ್ಟಿದೆ ಎಂದು ನೀವು ಬರೆದಿಲ್ಲ, ಮುಂದಿನ ಸಲ ಅದನ್ನೂ ಮಾಡಿಸಿ. ಇಂಗ್ಲೆಂಡಿನ ವಿಕಮ್ ಎಂಬ ಊರಿನ ಜನರನ್ನು 20 ವರ್ಷ ನೋಡಿದ ಅಧ್ಯಯನದಲ್ಲಿ, ಟಿಎಸ್‌ಎಚ್ ಏರಿದ್ದು ಆಂಟಿಬಾಡಿಯೂ ಇದ್ದ ಹೆಂಗಸರಲ್ಲಿ ವರ್ಷಕ್ಕೆ ನೂರರಲ್ಲಿ ಸುಮಾರು ನಾಲ್ವರಿಗೆ ಪೂರ್ತಿ ಥೈರಾಯ್ಡ್ ಕೊರತೆ ಬಂತು. ನಿಮಗೆ ತೊಂದರೆಗಳೂ ಇವೆ. ಹಾಗಾಗಿ ನಿಮ್ಮ ಡಾಕ್ಟರು ಸಣ್ಣ ಪ್ರಮಾಣದಲ್ಲಿ ಶುರು ಮಾಡಿದ್ದು ಸರಿಯಾಗಿದೆ. ಆಂಟಿ-ಟಿಪಿಒ 420 ಎಂಬ ಅಂಕಿ ನೋಡಿ ಗಾಬರಿಯಾಗಬೇಡಿ. ಅದು ಕಾಯಿಲೆಯ ಗುರುತು, ಕಾಯಿಲೆಯ ಅಳತೆ ಅಲ್ಲ. ಅದನ್ನು ಮತ್ತೆ ಮತ್ತೆ ಮಾಡಿಸಿ ದುಡ್ಡು ಖರ್ಚು ಮಾಡುವ ಅಗತ್ಯವಿಲ್ಲ. ಸೆಲೆನಿಯಂ ಮಾತ್ರೆಯಿಂದ ಆ ಅಂಕಿ ಇಳಿಯಬಹುದು, ಆದರೆ ರೋಗಿಗೆ ಅದರಿಂದ ಸ್ಪಷ್ಟ ಲಾಭ ಕಂಡಿಲ್ಲ.

ಮಾತ್ರೆ ತೆಗೆದುಕೊಳ್ಳುವ ಕ್ರಮದಲ್ಲಿ ನಿಮ್ಮ ಕಡೆಯವರು ಒಂದು ತಪ್ಪು ಮಾಡುವುದು ಹೆಚ್ಚು. ಬೆಳಿಗ್ಗೆ ಎದ್ದ ಕೂಡಲೇ ಹಾಲು ಹಾಕಿದ ಕಷಾಯ, ಅದರ ಜೊತೆಗೇ ಮಾತ್ರೆ. ಹಾಲಿನ ಕ್ಯಾಲ್ಸಿಯಂ ಮಾತ್ರೆಯನ್ನು ಹೀರಿಕೊಳ್ಳಲು ಬಿಡುವುದಿಲ್ಲ, ಕಾಫಿಯೂ ಹಾಗೇ. ಬರೀ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿ. ಆಮೇಲೆ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಬಿಟ್ಟು ಕಷಾಯ ಕುಡಿಯಿರಿ. ಕಬ್ಬಿಣದ ಅಥವಾ ಕ್ಯಾಲ್ಸಿಯಂ ಮಾತ್ರೆ ಇದ್ದರೆ ನಾಲ್ಕು ಗಂಟೆ ಅಂತರ ಇರಲಿ. ಎಂಟು ವಾರಕ್ಕೆ ಟಿಎಸ್‌ಎಚ್ ಮತ್ತೆ ಮಾಡಿಸಿ. ಕೂದಲಿಗೆಂದು ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ರಕ್ತ ಕೊಡುವ ಎರಡು ಮೂರು ದಿನ ಮೊದಲು ನಿಲ್ಲಿಸಿ. ಕೆಲವು ಯಂತ್ರಗಳಲ್ಲಿ ಅದು ಥೈರಾಯ್ಡ್ ಅಂಕಿಗಳನ್ನೇ ತಪ್ಪಾಗಿ ತೋರಿಸುತ್ತದೆ. ಎಲೆಕೋಸು, ಹೂಕೋಸು ಬಿಡಬೇಕಾ ಎಂದೂ ಕೇಳುತ್ತಾರೆ. ಬೇಯಿಸಿ ತಿನ್ನಿ, ಏನೂ ಆಗುವುದಿಲ್ಲ.

ಉಪ್ಪನ್ನು ಇಡುವ ಬಗ್ಗೆ ಒಂದು ಮಾತು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಉಪ್ಪಿನ ಮರಿಗೆ ಒಲೆಯ ಪಕ್ಕ ತೆರೆದೇ ಇರುತ್ತದೆ. ಮಳೆಗಾಲದಲ್ಲಿ ಉಪ್ಪು ಒದ್ದೆಯಾಗಿ ನೀರು ಬಿಡುತ್ತದೆ. ಆ ನೀರಿನ ಜೊತೆ ಅಯೋಡಿನ್ನೂ ಹರಿದು ಹೋಗುತ್ತದೆ. ನಮ್ಮ ಉಪ್ಪಿಗೆ ಪೊಟ್ಯಾಸಿಯಂ ಅಯೋಡೇಟ್ ಬೆರೆಸುವುದು ಅದು ನಮ್ಮ ಹವೆಗೆ ತಾಳಿಕೊಳ್ಳುತ್ತದೆ ಎಂದೇ. ಆದರೂ ಹೀಗೆ ತೆರೆದಿಟ್ಟರೆ ತಾಳುವುದಿಲ್ಲ. ಪ್ಯಾಕೆಟ್ ಒಡೆದ ಮೇಲೆ ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕಿ, ಒಲೆಯಿಂದ ದೂರ ಇಡಿ, ಒಣ ಚಮಚ ಬಳಸಿ. ಸಾರು, ಹುಳಿ ಇಳಿಸುವ ಹೊತ್ತಿಗೆ ಉಪ್ಪು ಹಾಕಿ. ಪ್ಯಾಕೆಟ್ಟಿನ ಮೇಲೆ ನಗುವ ಸೂರ್ಯನ ಗುರುತು ನೋಡಿ ತನ್ನಿ. ನಿಮ್ಮೂರಿನ ಆಶಾ ಕಾರ್ಯಕರ್ತೆಯ ಬಳಿ ಉಪ್ಪು ಪರೀಕ್ಷಿಸುವ ಸಣ್ಣ ಕಿಟ್ ಇರಬಹುದು, ಕೇಳಿ. ಉಪ್ಪಿನ ಮೇಲೆ ಒಂದು ಹನಿ ಬಿಟ್ಟರೆ ನೀಲಿ ಬಣ್ಣ ಬರಬೇಕು.

ಅತ್ತೆಯವರಿಗೆ ಹರಳುಪ್ಪು ಬೇಕೇ ಬೇಕು ಎಂದಿದ್ದರೆ ಅಪ್ಪೆಮಿಡಿ ಉಪ್ಪಿನಕಾಯಿಗೆ ಅದನ್ನೇ ಹಾಕಲಿ. ನನ್ನದೇನೂ ಅಭ್ಯಂತರವಿಲ್ಲ. ದಿನದ ಅನ್ನ, ಸಾರು, ತಂಬುಳಿಗೆ ಮಾತ್ರ ಅಯೋಡಿನ್ ಉಪ್ಪು ಇರಲಿ. ಅಯೋಡಿನ್ ಬೆರೆಸಿದ ಹರಳುಪ್ಪೂ ಅಂಗಡಿಯಲ್ಲಿ ಸಿಗುತ್ತದೆ. ಅವರ ಕೈಗೆ ಅದೇ ಅಭ್ಯಾಸವಾಗಿದ್ದರೆ ಅದನ್ನೇ ತನ್ನಿ.

ಓರಗಿತ್ತಿಗೆ ಹೆರಿಗೆಯಾದ ಮೇಲೆ, ಮೂರರಿಂದ ಐದನೇ ದಿನದೊಳಗೆ, ಮಗುವಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಟಿಎಸ್‌ಎಚ್ ಪರೀಕ್ಷೆ ಮಾಡಿಸಲು ಈಗಲೇ ಹೇಳಿಡಿ. ಹೆರಿಗೆಯ ಗಡಿಬಿಡಿಯಲ್ಲಿ ಇದನ್ನು ಮರೆಯುವವರೇ ಹೆಚ್ಚು.